ಇಪ್ಪತ್ತಾರು ಕಿಲೋ ಬೆಲ್ಲ

ಬೈಲಹೊಂಗಲ, 14 ಜೂನ್ 2005, ಮಂಗಳವಾರ

ಅಡುಗೆಮನೆಗೆ ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿ, ಆಮೇಲೆ ರಾಜಿಯನ್ನು ಎಬ್ಬಿಸಿದೆ. ಬೇರೆಯವರು ತಿಜೋರಿಗೆ ಬೀಗ ಹಾಕುತ್ತಾರೆ, ನಾವು ರೊಟ್ಟಿ ಡಬ್ಬಿಗೆ.

ಏಳು ವರ್ಷದ ಮಗಳು. ಪ್ರೇಡರ್-ವಿಲ್ಲಿ — ಹುಟ್ಟಿನಿಂದ ಬಂದ ಕಾಯಿಲೆ. ಎಷ್ಟು ತಿಂದರೂ ಹೊಟ್ಟೆ ತುಂಬಿತು ಅನ್ನಿಸುವುದೇ ಇಲ್ಲ. ಮೈಯಲ್ಲಿ ಕೊಬ್ಬು ಹೆಚ್ಚು, ಕಸುವು ಕಡಿಮೆ. ಬೆಳವಣಿಗೆಯ ಹಾರ್ಮೋನ್ ಇಂಜೆಕ್ಷನ್ ಶುರುವಾಗಿ ಇವತ್ತಿಗೆ ಆರು ತಿಂಗಳು. ದಿನಾ ಒಂದು, ತೊಡೆಗೆ. ಈಗ ಅಳುವುದಿಲ್ಲ. "ಅವ್ವಾ, ಇವತ್ತ ಎಡಗಾಲಿನ ಪಾಳಿ" ಅಂತ ತಾನೇ ನೆನಪಿಸುತ್ತಾಳೆ.

ಎತ್ತರ ಐದು ಸೆಂಟಿಮೀಟರ್ ಜಾಸ್ತಿ! ಖುಷಿಯಾಗಿದೆ. ಬರೆದಿಟ್ಟೆ.

11 ಜುಲೈ, ಸೋಮವಾರ

ಮಠದಲ್ಲಿ ತುಲಾಭಾರ. ಅತ್ತೆಯ ಹರಕೆ — ವರ್ಷಕ್ಕೊಮ್ಮೆ ಮೊಮ್ಮಗಳ ತೂಕದಷ್ಟು ಬೆಲ್ಲ. ಡಿಸೆಂಬರಿನಿಂದ ಮನೋಳಿಯಲ್ಲಿ ಮಗಳ ಮನೆಯಲ್ಲಿದ್ದವರು, ಇದಕ್ಕಾಗಿಯೇ ನಿನ್ನೆ ಬಂದರು.

ಹಸಿವೇ ತಣಿಯದ ಕೂಸಿನ ಎದುರು ಬೆಲ್ಲದ ಪೆಂಟಿಗಳು! ಒಂದು ಚೂರಿಗಾಗಿ ಗೋಗರೆದಳು. ಮಠದ ಮಡಿವಾಳೆಪ್ಪ ಪೆಂಟಿಗಳ ಮೇಲೆ ತಮ್ಮ ಟವೆಲ್ ಹೊದಿಸಿಬಿಟ್ಟರು. ಪುಣ್ಯಾತ್ಮ.

ಹೋದ ವರ್ಷ ಇಪ್ಪತ್ತಾರು ಕಿಲೋ. ಈ ವರ್ಷವೂ ಇಪ್ಪತ್ತಾರು.

ಅತ್ತೆಯ ಮುಖ ಸಣ್ಣದಾಯಿತು. "ಒಂದ ಪೆಂಟಿನೂ ಕಡಿಮಿ ಆಗಲಿಲ್ಲಲ್ಲೋ ಸುಭಾಸಾ. ಆ ಸೂಜಿ ಏನ್ ಮಾಡ್ತು?"

ಇವರು ಹತ್ತಿ ವ್ಯಾಪಾರದವರು, ತಕ್ಕಡಿ ಹೇಳಿದ್ದೇ ಖರೆ. "ಈ ಔಷಧದ ಕಾರ್ಟ್ರಿಜ್ ಮುಗೀಲಿ. ಆಮ್ಯಾಲೆ ಬ್ಯಾಡ. ಕೂಸಿಗೆ ಯಾಕ ದಿನಾ ಚುಚ್ಚೂದು?"

13 ಜುಲೈ

ಬೆಳಗಾವಿ ಡಾಕ್ಟರಿಗೆ ಫೋನ್ ಮಾಡಿದೆ. "ಬರೇ ತೂಕ ನೋಡಬ್ಯಾಡ್ರಿ ಶೈಲಜಾ ಅವರ. ಕೊಬ್ಬು ಇಳದು ಸ್ನಾಯು ಬೆಳದ್ರ ತಕ್ಕಡಿಗೆ ಹ್ಯಾಂಗ ಗೊತ್ತಾಗಬೇಕ್ರಿ?"

ಇವರಿಗೆ ಹೇಳಿದೆ. "ಡಾಕ್ಟರ್ ಮತ್ತೇನ್ ಅಂತಾರ" ಎಂದು ಪೇಪರ್ ತಿರುವಿದರು. ಸಿಟ್ಟಿನಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿತ್ತು. ತಟ್ಟೆ ಖಾಲಿ ಮಾಡಿ ಎದ್ದರು. ಔಷಧ ಇನ್ನು ನಾಲ್ಕು ದಿನಕ್ಕಿದೆ...

17 ಜುಲೈ, ರವಿವಾರ, ಬೆಳಿಗ್ಗೆ 9

ಇವತ್ತಿನದೇ ಕೊನೆಯ ಡೋಸ್.

ಅತ್ತೆ ಬಂದ ಮೇಲೆ ಮೊದಲ ಎಣ್ಣೆಸ್ನಾನ. ಅವರಿಗೆ ಕಣ್ಣು ಮಂಜು. ಆದರೆ ಹುಟ್ಟಿದಾಗಿನಿಂದ ರಾಜಿಯ ಮೈ ತಿಕ್ಕಿದ ಕೈ ಅದು. ಆಗ ಕೂಸು ಹಿಂಜಿದ ಹತ್ತಿಯ ಹಾಗಿತ್ತು, ಎತ್ತಿದರೆ ಜಾರುತ್ತಿತ್ತು.

ಬಚ್ಚಲಿನಿಂದ ಕೂಗು: "ಶೈಲಾ! ಸುಭಾಸನ್ನ ಕರಕೊಂಡ ಬಾ!"

ಗಾಬರಿಯಿಂದ ಇಬ್ಬರೂ ಓಡಿದೆವು. ಅತ್ತೆ ಮೊಮ್ಮಗಳ ಮೀನಖಂಡ ಹಿಡಿದು ಕೂತಿದ್ದಾರೆ. "ಹಿಚುಕಿ ನೋಡೋ. ಮದಲ ಬೆರಳ ಒಳಗ ಹೋಗ್ತಿತ್ತು. ಈಗ ಗಟ್ಟಿ ಐತಿ!"

ಹಿಚುಕಿದರು. ಇನ್ನೊಂದು ಕಾಲನ್ನೂ ಹಿಚುಕಿದರು.

"ಅಪ್ಪಾ, ಕಚಗುಳಿ ಆಗತೈತಿ!" ರಾಜಿ ಒದ್ದಳು. ಇವರು ಬಕೆಟ್ ಸಮೇತ ಹಿಂದಕ್ಕೆ ಬಿದ್ದರು. ಲುಂಗಿಯೆಲ್ಲ ನೀರು. ಅತ್ತೆ ನಕ್ಕು ನಕ್ಕು ಕೆಮ್ಮಿದರು. ಇವರು ಏಳಲೇ ಇಲ್ಲ, ಅಲ್ಲೇ ಕೂತು ಮಗಳ ಕಾಲನ್ನೇ ನೋಡುತ್ತಿದ್ದರು.

ಈಗ ಪ್ಯಾಂಟ್ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದಾರೆ. "ಡಾಕ್ಟರ್ ಚೀಟಿ ಎಲ್ಲೈತಿ? ಬೆಳಗಾವಿಗೆ ನಾನ ಹೋಗಿ ಔಷಧ ತರತೇನಿ." ಔಷಧ ತಣ್ಣಗಿರಲು ಥರ್ಮಾಸ್‌ಗೆ ಐಸ್ ತುಂಬಬೇಕು, ಬಸ್ಸಿಗೆ ಹೊತ್ತಾಯಿತು, ನಾನು ನೋಡಿದರೆ ಇಲ್ಲಿ ಕೂತು ಅಳುತ್ತ —