ಮೊದಲ ಹೆಸರು ಗೊತ್ತಿಲ್ಲ

ಫೆಬ್ರವರಿ ೩೦, ೨೧೩೧
ರೂಮ್ ನಂಬರ್ ೨೧೪, ಹಳೆಯ ಲೇಡೀಸ್ ಹಾಸ್ಟೆಲ್, ಹಾರ್ಲನ್‌ಟನ್

ಪೂಜ್ಯ ಅಜ್ಜಿಯ ಅಜ್ಜಿಯವರಿಗೆ,

ಮೊದಲಿಗೆ, ವೆರಿ ಸಾರಿ. ನಿಮ್ಮ ಪರೀಕ್ಷೆಯ ಹೊತ್ತಿನಲ್ಲಿ ಹೀಗೆ ಬರೆದು ತೊಂದರೆ ಕೊಡಬಾರದಿತ್ತು. ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಳ್ಳಬೇಡಿ, ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ನನ್ನ ಕನ್ನಡವನ್ನೂ ಕ್ಷಮಿಸಿ. ಮೆಸ್ಸಿನಲ್ಲಿ ಅಡುಗೆಯ ಗಂಗವ್ವನಿಂದ ಕಲಿತದ್ದು, ಅರ್ಧ ಇಂಗ್ಲಿಷೇ ಇದೆ. ಈ ಕಾಗದ ತಲುಪುವ ದಿನ ನಿಮಗೆ ಇಪ್ಪತ್ತೊಂದು, ನನಗೆ ಹದಿನೆಂಟು. ಅಜ್ಜಿ ಅನ್ನಲು ಮುಜುಗರವಾಗಿ 'ನೀವು' ಎಂದಷ್ಟೇ ಬರೆಯುತ್ತೇನೆ.

ಹಿಂದಿನ ಕಾಲಕ್ಕೆ ಹೋಗುವ ಟಪಾಲನ್ನು ನಾವು ಹಿಂದಂಚೆ ಅನ್ನುತ್ತೇವೆ. ಫಸ್ಟ್ ಇಯರ್‌ನವರಿಗೆ ವರ್ಷಕ್ಕೆ ಒಂದೇ ಕಾಗದ. ಅದು ಹೆಸರಿಗಲ್ಲ, ಜಾಗಕ್ಕೆ ಹೋಗುತ್ತದೆ. ಹಾಗಾಗಿ ನಿಮ್ಮ ರೂಮ್ ನಂಬರ್ ಸಾಕಾಯಿತು. ಕೇಳಿ ಪಡೆದು ಈಗ ಅದೇ ರೂಮಿನಲ್ಲಿದ್ದೇನೆ.

ನಿಮ್ಮ ಹಾರ್ಲನ್‌ಟನ್‌ನಲ್ಲಿ ನಾಲ್ಕು ಕಾಲೇಜುಗಳಿವೆ: ದಿಬ್ಬದ ಮೇಲೆ ಚರ್ಚಿನವರದು, ಹೊಳೆಯಾಚೆ ಕೃಷಿ ವಿಶ್ವವಿದ್ಯಾಲಯ, ಆಸ್ಪತ್ರೆ ಪಕ್ಕದ ನರ್ಸಿಂಗ್ ಕಾಲೇಜು, ಹೈವೇ ಬದಿಗೆ ಎರಡು ವರ್ಷದ ಕೋರ್ಸಿನದು. ಓದುವ ಮಕ್ಕಳೇ ಕಡಿಮೆಯಾಗಿ ಈಗ ನಾಲ್ಕೂ ಸೇರಿ ಒಂದು ಕೂಡುಕಾಲೇಜು. ಬೆಳಿಗ್ಗೆ ದಿಬ್ಬದ ಮೇಲೆ ಇತಿಹಾಸ, ಮಧ್ಯಾಹ್ನ ಹೊಳೆಯಾಚೆ ಮಣ್ಣಿನ ಪಾಠ. ಹೊರಗಿನ ಗಾಳಿ ನಿಲ್ಲಗೊಡುವುದಿಲ್ಲವಾದ್ದರಿಂದ ನಡುವೆ ಗಾಜಿನ ಸುರಂಗದಲ್ಲಿ ಮುಕ್ಕಾಲು ಗಂಟೆ ನಡಿಗೆ. ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಲೂಗಡ್ಡೆ ಬೆಳೆಯುತ್ತಾರೆ. ಸ್ಕೋರ್‌ಬೋರ್ಡ್ ಮಣ್ಣಿನ ತೇವ ತೋರಿಸುತ್ತದೆ. ಸಂಜೆ ಹೊತ್ತಿಗೆ ಕಾಲುಗಳು ನನ್ನವು ಅನ್ನಿಸುವುದಿಲ್ಲ.

ಇಲ್ಲಿ ಸೀಟು ಉಳಿಯಬೇಕಾದರೆ ಬೇರುಮಾತು ಹೇಳಬೇಕು. ಅಂದರೆ, ನಮ್ಮವರೊಬ್ಬರು ಈ ಊರಿನಲ್ಲಿ ಓದಿದ್ದರೆಂದು ಸಮಿತಿಯ ಮುಂದೆ ಹೆಸರು ಸಮೇತ ತೋರಿಸುವುದು. ನನ್ನ ಸರದಿ ಶುಕ್ರವಾರ. ನನ್ನ ಹೆಸರು ಲೀನಿ ಕುಮುದ್ವತಿ. ಕುಮುದ್ವತಿ ಒಂದು ನದಿ, ನಾವು ಅದರ ದಡದವರು ಎಂದು ಅಪ್ಪ ಹೇಳುತ್ತಿದ್ದರು. ಹಳೆಯ ರಿಜಿಸ್ಟರ್ ತೆಗೆಸಿದರೆ, ರೂಮ್ ೨೧೪ರ ಎದುರು ನಿಮ್ಮ ಸಾಲಿನಲ್ಲಿ 'ಎಫ್ ಎನ್ ಯು ಕುಮುದ್ವತಿ' ಎಂದಿತ್ತು. 'ಪೂಜ್ಯ ಫ್ನು ಅಜ್ಜಿಯವರಿಗೆ' ಎಂದು ಈ ಕಾಗದ ಶುರು ಕೂಡ ಮಾಡಿದ್ದೆ. ಗುಮಾಸ್ತ ಓಸ್ಟರ್ಲಿಯವರು ಕನ್ನಡಕ ಒರೆಸಿಕೊಂಡು, "ಅದು ಹೆಸರಲ್ಲಮ್ಮ, ಫಸ್ಟ್ ನೇಮ್ ಅನ್‌ನೋನ್ ಅಂತ. ಹೆಸರೇ ಗೊತ್ತಿಲ್ಲದವರನ್ನ ನಿನ್ನ ಹಿರಿಯರು ಅಂತ ಹೇಗೆ ಬರ್ಕೊಳ್ಳಲಿ?" ಎಂದರು.

ಅಂದಿನಿಂದ ರೂಮ್‌ಮೇಟ್ ಮಾರಿಬೆಲ್, "ಏ ಅನ್‌ನೋನ್, ನಿನ್ನ ಸಾಕ್ಸ್ ಎತ್ಕೋ" ಎಂದೇ ಕರೆಯುವುದು.

ಗಂಗವ್ವನ ಹತ್ತಿರ ಹೇಳಿಕೊಂಡೆ. ಅವಳು ಸೌಟು ಕೆಳಗಿಡಲಿಲ್ಲ. "ಗೊತ್ತಿಲ್ಲ ಅಂದ್ರ, ಊಟಕ್ಕ ಏನಂತ ಕರೀತಿದ್ರು ಆಕಿನ್ನ? ಎದುರಿಗೇ ಬರದೈತಲ್ಲ ಹುಚ್ಚಿ, ಕುಮುದ್ವತಿ ಅನ್ನೂದ ಆಕಿ ಹೆಸರು. ನಮ್ಮ ಕಡೆ ಹೆಸರು ಒಂದ, ಅದರ ಮುಂದ ಎರಡು ಇನಿಶಿಯಲ್. ಇವರ ಫಾರ್ಮಿನ್ಯಾಗ ಮುಂದ ಸ್ವಂತ ಹೆಸರಿಗೆ, ಹಿಂದ ಮನೆತನದ ಹೆಸರಿಗೆ ಅಂತ ಎರಡು ಖಾನೆ. ಹೆಸರು ಹೋಗಿ ಹಿಂದಿನ ಖಾನೆದಾಗ ಕುಂತತಿ, ಮುಂದಿಂದು ಖಾಲಿ ಉಳದತಿ."

ಇಷ್ಟು ವರ್ಷ ನದಿಯೆಂದುಕೊಂಡು ಹೊತ್ತು ತಿರುಗಿದ್ದು ನಿಮ್ಮನ್ನು. ಸಂತೋಷಪಡಬೇಕಿತ್ತು, ಸುಸ್ತಾಯಿತು. ಅಡುಗೆಯವಳ ಮಾತು ಸಮಿತಿಗೆ ಸಾಕ್ಷಿಯಲ್ಲ. ಇಲ್ಲಿ ಓದಿದವರ ಸ್ವಂತ ಕೈಬರಹ ಬೇಕು. ಆರನೇ ವಯಸ್ಸಿನಿಂದ ಹಾಸ್ಟೆಲ್‌ಗಳಲ್ಲೇ ಇರುವವಳು ನಾನು. ಇದು ಏಳನೇ ಮಂಚ. ಸೀಟು ಹೋದರೆ ಇನ್ನೂರು ಮೈಲಿ ದೂರದಲ್ಲಿ ಎಂಟನೆಯದು. ಮತ್ತೆ ಟ್ರಂಕ್ ತುಂಬಲು ನನ್ನಿಂದ ಆಗುವುದಿಲ್ಲ.

ಕಿಟಕಿ ಪಕ್ಕದ ನಿಮ್ಮ ಗೋಡೆಕಪಾಟು ಇನ್ನೂ ಇದೆ. ಅದರ ಕೆಳಗಿನ ಹಲಗೆಯ ಅಡಿಗೆ, ಇನಿಶಿಯಲ್ ಎರಡನ್ನೂ ಬಿಡಿಸಿ, ನಿಮ್ಮ ಪೂರ್ತಿ ಹೆಸರನ್ನು ಕನ್ನಡದಲ್ಲಿ ಬರೆದು ತಾರೀಖು ಹಾಕಿ. ಪೆನ್ಸಿಲ್ ಬೇಡ, ಕೊರೆಯಿರಿ. ಇವತ್ತು ಬೆಳಿಗ್ಗೆ ಮಲಗಿ ನೋಡಿದೆ, ಬರೀ ಮರ. ನೀವಿನ್ನೂ ಈ ಕಾಗದ ಓದಿಲ್ಲವಲ್ಲ.

ನೀವು ಯಾವತ್ತು ಕೊರೆದರೂ ಶುಕ್ರವಾರದೊಳಗೆ ನನಗೆ ಕಾಣುತ್ತದೆ, ನಿಜ. ಆದರೆ ನಾಳೆ ಮಾಡಿದರಾಯಿತು ಎಂದು ಪಕ್ಕಕ್ಕಿಡುವ ಅಭ್ಯಾಸ ನಮ್ಮ ಮನೆಯಲ್ಲಿ ಎಲ್ಲರಿಗೂ ಇದೆ, ಎಲ್ಲಿಂದ ಬಂತೋ. ಮೇ ತಿಂಗಳಲ್ಲಿ ನೀವು ರೂಮ್ ಖಾಲಿ ಮಾಡುತ್ತೀರಿ.

ದಯವಿಟ್ಟು ಬೇಗ ಉತ್ತರ ಬರೆಯಿರಿ.

ಲೀನಿ ಕುಮುದ್ವತಿ