ಅಪ್ಪ ಬಿಟ್ಟ ಮೂರು ಮಡಿಕೆ

ನವೆಂಬರ್ ೧೪, ಗುರುವಾರ

ಮೊಮ್ಮಗಳ ನೀಲಿ ಫ್ರಾಕು ಇನ್ನೂ ನನ್ನ ಮಡಿಲಲ್ಲೇ ಇದೆ. ಗಿಡ್ಡವಾಗಿದೆ. ನಾಳೆ ಅದನ್ನೇ ಹಾಕಿಕೊಳ್ಳಬೇಕೆಂದು ಹಟ ಹಿಡಿದು ಮಲಗಿದ್ದಾಳೆ. ಅಂಚು ಬಿಚ್ಚಿ ಇಳಿಸಿದರೆ ಸಾಕು, ಆದರೆ ಕೈ ಬರುತ್ತಿಲ್ಲ. ಅಪ್ಪ ಹೋಗಿ ವರ್ಷವಾಗುತ್ತಾ ಬಂತು. ಅವರು ಹೊಲಿದ ಕೊನೆಯ ಬಟ್ಟೆ ಇದು.

ತೊಂಬತ್ತು ವರ್ಷ ಬದುಕಿದ ದರ್ಜಿ. ಊರಿಗೆಲ್ಲ ಮೈಗೆ ಹಿಡಿದಂತೆ ಹೊಲಿದರು, ನಮಗೆ ಮಾತ್ರ ಅಂಚಿನೊಳಗೆ ಗೇಣುದ್ದ ಬಟ್ಟೆ ಮಡಚಿಡುತ್ತಿದ್ದರು. ಅಕ್ಕತಂಗಿಯರೆಲ್ಲ ಆ ದಪ್ಪ ಅಂಚಿನ ಲಂಗದಲ್ಲಿ ಗಂಟೆಯ ಹಾಗೆ ಓಲಾಡುತ್ತಾ ಶಾಲೆಗೆ ಹೋಗುತ್ತಿದ್ದೆವು. ವರ್ಷಕ್ಕೊಮ್ಮೆ ಅವರೇ ಬಿಚ್ಚಿ ಇಳಿಸುತ್ತಿದ್ದರು, ನಾವು ಬೆಳೆದದ್ದು ತಮ್ಮದೇ ಸಾಧನೆ ಎಂಬಂತೆ ನಗುತ್ತಾ.

ಸಂಜೆ ಅಮ್ಮನನ್ನು ಕೇಳಿದೆ, "ಇದರಲ್ಲಿ ಮೂರು ಮಡಿಕೆ ಇದೆಯಲ್ಲಮ್ಮ?"

"ಹೊಲೀವಾಗ ನಾನೂ ಅವರನ್ನ ಕೇಳ್ದೆ. ಅವಳು ಬೆಳೀತಾನೇ ಇರ್ತಾಳೆ, ನಾನು ಇರ್ತೀನಾ ಅಂದ್ರು. ಬಿಚ್ಚೇ, ಅವರು ಹೊಲಿದಿದ್ದೇ ಬಿಚ್ಚಲಿ ಅಂತ."

ಈಗ ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿದೆ. ಯಾವ ಹೊಲಿಗೆಯನ್ನೂ ಬಿಗಿಯಾಗಿ ಗಂಟು ಹಾಕದೆ ಬಿಡದ ಮನುಷ್ಯ, ಈ ಮೂರು ಮಡಿಕೆಗೂ ದಾರದ ಕೊನೆಯಲ್ಲಿ ಗಂಟೇ ಹಾಕಿಲ್ಲ. ಮೆಲ್ಲಗೆ ಎಳೆದರೆ ಸಾಕು, ಬಂದುಬಿಡುತ್ತದೆ.

ಬೆಳಿಗ್ಗೆ ಎಳೆಯುತ್ತೇನೆ. ಒಂದನ್ನು ಮಾತ್ರ.