ಹೆಗಲ ಮೇಲಿನ ಹಳದಿ ತೇಪೆ

ಸಾಂತಾಕ್ರೂಜ್ ಪೂರ್ವ, ಮುಂಬಯಿ
೧೮ ಅಕ್ಟೋಬರ್ ೧೯೭೪, ಶುಕ್ರವಾರ

ಪ್ರೀತಿಯ ತಮ್ಮ ನೀಲಕಂಠನಿಗೆ, ನಿನ್ನ ಅಕ್ಕ ಅಂಬವ್ವನ ಮನಸಾರೆ ಆಶೀರ್ವಾದ.

ಮೊದಲು ನಿನ್ನ ಮೈ ಹೇಗಿದೆ ಅದನ್ನು ಹೇಳು. ಕಾಮಾಲೆ ಪೂರ್ತಿ ಇಳಿಯಿತೋ, ಇನ್ನೂ ಕಣ್ಣಲ್ಲಿ ಹಳದಿ ಉಳಿದಿದೆಯೋ? ಬರೋಡಾದಲ್ಲಿ ಬೀದಿಗೊಂದು ಕರಿದ ತಿಂಡಿಯ ಅಂಗಡಿ ಇರುತ್ತದಂತೆ, ನಿನ್ನ ನಾಲಿಗೆಯ ಚಪಲ ನನಗೆ ಗೊತ್ತಿಲ್ಲದ್ದೇ? ಎಣ್ಣೆಯದು ಏನನ್ನೂ ಮುಟ್ಟಬೇಡ. ಮಜ್ಜಿಗೆ ಅನ್ನ ಉಣ್ಣು, ಕಬ್ಬಿನ ಹಾಲು ಕುಡಿ, ರಾತ್ರಿ ಬಣ್ಣದ ವಾಸನೆ ಕುಡಿಯುತ್ತ ಕೂರಬೇಡ. ನಾವು ಇಲ್ಲಿ ಇದ್ದ ಹಾಗೇ ಇದ್ದೇವೆ. ನಮ್ಮ ಯಜಮಾನರಿಗೆ, ಅದೇ ನಿಮ್ಮ ಮಾಮಾ ಅವರಿಗೆ, ಮೊಣಕಾಲು ನೋವು, ಆದರೂ ಬಿಲ್ಡಿಂಗ್ ಕೆಲಸದಲ್ಲಿ ಆಳುಗಳ ಮೇಲಿನ ಮುಕಾದಮಿಕೆ ಬಿಡಲೊಲ್ಲರು, ನಾ ಹೋಗದಿದ್ರ ಆ ಗೋಡಿ ಸೊಟ್ಟ ಏರ್ತಾವ ಅನ್ನುತ್ತಾರೆ. ನನ್ನ ಹೊಲಿಗೆ ಮಶಿನ್ನು ಇನ್ನೂ ಗರಗರ ಓಡುತ್ತಿದೆ, ಚಾಳಿನ ಅರ್ಧ ಹೆಂಗಸರ ಪೋಲಕೆ ನನ್ನ ಕೈಯಲ್ಲೇ ಆಗುತ್ತವೆ. ಪಕ್ಕದ ಖೋಲಿಯ ರಜಿಯಾ ನಿನಗೆ ಸಲಾಂ ಹೇಳಿದ್ದಾಳೆ. ನೀನು ಶಾಲೆಗೆ ಹೋಗುವಾಗ ನಿನ್ನ ಕಿಸೆಗೆ ಶೇಂಗಾ ತುಂಬುತ್ತಿದ್ದವಳು, ಮರೆತಿಲ್ಲ ತಾನೆ?

ಇನ್ನು ನಿನ್ನ ಪತ್ರದ ಮಾತು. ಅದನ್ನು ಓದಿ ಮಡಚಿಟ್ಟವಳು ಎರಡು ದಿನ ಮತ್ತೆ ಮತ್ತೆ ತೆಗೆದು ಓದಿದೆ. 'ಅಕ್ಕಾ, ಅವ್ವನ ಚಿತ್ರಾ ಬರದೇನಿ, ಮುಂಬಯಿ ಫೋರ್ಟಿನಾಗ ಪ್ರದರ್ಶನಕ್ಕ ಇಟ್ಟಾರ. ಕಾಮಾಲಿ ಆಗಿ ಬಿದ್ದೇನಿ, ನಂಗ ಬರಾಕ ಆಗೂದಿಲ್ಲ. ನೀ ಹೋಗಿ ನೋಡು. ಅವ್ವನ ಮುಖಾ ಬಲ್ಲಾಕಿ ನೀ ಒಬ್ಬಾಕಿ ಉಳದಿ. ಅದು ಅವ್ವ ಹೌದು ಅಂದ್ರ ಮನಿಗೆ ಒಯ್ಯು. ಅಲ್ಲ ಅಂದ್ರ ಕೇಳಿದವರಿಗೆ ಕೊಟ್ಟುಬಿಡ್ತೇನಿ, ಮತ್ತ ಅವ್ವನ್ನ ಬರಿಯೂದಿಲ್ಲ' ಎಂದು ಬರೆದಿದ್ದೆಯಲ್ಲ, ಎಂಥ ಭಾರ ಹೊರಿಸಿದೆಯೋ ಮಾರಾಯ! ಅವ್ವನ ಕಂಕುಳಲ್ಲಿ ಕೂತು ಬಿಸಿಲಲ್ಲಿ ಹೋಗುತ್ತಿದ್ದದ್ದು ಒಂದೇ ನಿನಗಿರುವ ನೆನಪು, ಅವ್ವನಿಂದ ನಿನಗೆ ಉಳಿದದ್ದು ಅದೊಂದೇ ಅಂತಲೂ ಬರೆದಿದ್ದೆ. ನಮ್ಮ ಮನೆಯಲ್ಲಿ ಅವ್ವನ ಒಂದು ಫೋಟೋ ಇಲ್ಲ. ನಮ್ಮೂರಿಗೆ ಫೋಟೋದವನು ಬಂದದ್ದೇ ಅವಳು ಹೋದ ಎಷ್ಟೋ ವರ್ಷಕ್ಕೆ. ಅದಕ್ಕೇ ಪ್ರತಿ ಸಲ ಮಹಾನವಮಿ ಅಮವಾಸ್ಯೆಗೆ ಹಿರಿಯರ ಎಡೆ ಮಾಡುವಾಗ ಬರೀ ಮಣೆಯ ಮೇಲೆ ಒಂದು ಹಸಿರು ರವಿಕೆ ಖಣ, ಎರಡು ಬಳೆ ಇಟ್ಟು ಅದನ್ನೇ ಅವ್ವ ಅನ್ನುತ್ತ ಬಂದೆವು. ನನ್ನ ಜೊತೆ ಮುಂಬಯಿಗೆ ಬಂದ ಹೊಸದರಲ್ಲಿ, ನೀನು ಚಿಕ್ಕವನಿದ್ದಾಗ, ಚಾಳಿನ ಬೇರೆ ಖೋಲಿಗಳಲ್ಲಿ ಹಾರ ಹಾಕಿದ ಫೋಟೋ ನೋಡಿ ಬಂದು, 'ನಮ್ಮ ಅವ್ವಗ ಮಾರಿ ಇಲ್ಲೇನು?' ಎಂದು ಕೇಳಿದ್ದೆ. ಅದೇ ಪ್ರಶ್ನೆಯನ್ನು ಇಷ್ಟು ದೊಡ್ಡವನಾಗಿ ಮತ್ತೆ ಕೇಳಿದ ಹಾಗಾಯಿತು.

ಹೋದ ವಾರ ರಜಿಯಾಳನ್ನು ಜೊತೆ ಮಾಡಿಕೊಂಡು ಹೊರಟೆ. ಅವಳು ಈದ್ ಹಬ್ಬದ ಸೀರೆ ಉಟ್ಟು, ಮದುವೆಗೆ ಹೊರಟವಳ ಹಾಗೆ ಸಜ್ಜಾಗಿದ್ದಳು. ಚರ್ಚಗೇಟಿನಲ್ಲಿ ಇಳಿದು ಕೇಳುತ್ತ ಕೇಳುತ್ತ ಹೋದೆವು. ನಿನ್ನ ಗೆಳೆಯ ಅಣ್ಣು ಬಾಗಿಲಲ್ಲೇ ಕಾಯುತ್ತಿದ್ದ, ಬಲು ಸಂಭಾವಿತ ಹುಡುಗ, ಕಾಲು ಮುಟ್ಟಿ ನಮಸ್ಕಾರ ಮಾಡಿದ. ಒಳಗೆ ಕರೆದುಕೊಂಡು ಹೋಗಿ, 'ಇದ ನೋಡ್ರಿ ಅಕ್ಕಾರ' ಎಂದು ನಿಲ್ಲಿಸಿದ. ನನಗಿಂತ ಎತ್ತರದ ಚಿತ್ರ. ನಾನು ಮುಖ ಹುಡುಕಿದೆ. ಮೇಲೆ ನೋಡಿದೆ, ಕೆಳಗೆ ನೋಡಿದೆ. ಒಂದು ಕಡೆಯಿಂದ ಇಳಿದು ಬಂದ ಕರಿಯ ಬಣ್ಣ, ಅಂಚಿಗೆ ಕೆಂಪು, ಅದರ ಹಿಂದೆ ಮಣ್ಣಿನ ಬಣ್ಣ, ಮೇಲೆ ಕಣ್ಣು ಕುಕ್ಕುವ ಬಿಳಿ. ಕಣ್ಣಿಲ್ಲ, ಮೂಗಿಲ್ಲ, ಹಣೆಯ ಮೇಲೆ ಈಬತ್ತಿಯ ಬೂದಿ ಗೆರೆ ಇಲ್ಲ. ರಜಿಯಾ ಸುಮ್ಮನಿರುವವಳೇ? 'ಅಲ್ಲಾ, ಇದಕ್ಕ ಮಾರೀನ ಇಲ್ಲಲ್ಲ ಅಕ್ಕಾ! ಬಣ್ಣಾ ಸಾಲಲಿಲ್ಲೇನ ನಿನ್ನ ತಮ್ಮಗ?' ಎಂದುಬಿಟ್ಟಳು. ಅಲ್ಲಿದ್ದ ದೊಡ್ಡ ಮಂದಿ ತಿರುಗಿ ನೋಡಿದರು. ನನಗೆ ಸಿಟ್ಟು ನೆತ್ತಿಗೇರಿತು ನೋಡು. ಇದ್ದಲು ಸಿಕ್ಕರೆ ಸಾಕು ಗೋಡೆಯ ತುಂಬ ನನ್ನ ಮುಖ ಬರೆದು ಪೆಟ್ಟು ತಿನ್ನುತ್ತಿದ್ದವನು ನೀನು, ಮೂಗು ಥೇಟ್ ತರುತ್ತಿದ್ದೆ. ಅಂಥವನಿಗೆ ಹೆತ್ತವಳ ಹಣೆಗೆ ಒಂದು ಕುಂಕುಮ ಇಡುವಷ್ಟು ಬಣ್ಣ ಉಳಿಯಲಿಲ್ಲವೇ ಅನ್ನಿಸಿತು. ಅಣ್ಣು ಪಾಪ ಸಮಾಧಾನ ಮಾಡಲು ಹೋದ. 'ಹೋದ ಜನವರಿಯೊಳಗ ದಾದರದಾಗ ನೀಲಕಂಠ ನನ್ನ ಖೋಲ್ಯಾಗ ಕುಂತ ಶುರು ಮಾಡಿದ್ನರೀ ಅಕ್ಕಾರ, ಹದಿನೈದು ದಿನ ಊಟಾ ನಿದ್ದೀ ಬಿಟ್ಟಿದ್ದ' ಎಂದ.

ನಾನು ಹೌದು ಹೌದು ಎಂದು ತಲೆಯಾಡಿಸಿದೆ, ಗೊತ್ತಿದ್ದವಳ ಹಾಗೆ. ಅವನೆದುರು ನಿನ್ನನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಆದರೆ ಹದಿನೈದು ದಿನ ದಾದರಿನಲ್ಲಿದ್ದೆಯಂತಲ್ಲೋ ನೀಲ್ಯಾ! ದಾದರಿನಲ್ಲಿ ಲೋಕಲ್ ಹತ್ತಿದರೆ ಒಂದು ಬೀಡಾ ಜಗಿದು ಮುಗಿಯುವಷ್ಟರಲ್ಲಿ ಸಾಂತಾಕ್ರೂಜ್. ನಾಲ್ಕು ವರ್ಷವಾಯಿತು ನಿನ್ನ ಮುಖ ನೋಡಿ. ಪ್ರತಿ ಸಲ ಕೆಲಸ, ರಜೆ ಇಲ್ಲ, ಮುಂದಿನ ತಿಂಗಳು ಎಂದು ಬರೆಯುತ್ತಿದ್ದೆ, ನಾನು ನಂಬುತ್ತಿದ್ದೆ. ಬೈಯಲು ಬರೆಯುತ್ತಿಲ್ಲ. ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ.

ಅಲ್ಲೇ ಇದ್ದ ಬಾಕಿನ ಮೇಲೆ ಕೂತೆ. ರಜಿಯಾ ಬೇರೆ ಚಿತ್ರ ನೋಡಲು ಹೋದಳು. ಕೂತಾಗ ಚಿತ್ರ ನನ್ನ ಕಣ್ಣಿಗಿಂತ ಮೇಲಾಯಿತು, ನಾನು ತಲೆಯೆತ್ತಿ ನೋಡಬೇಕಾಯಿತು. ಆಗ ಏನಾಯಿತೋ ಏನೋ, ಆ ಕರಿಯ ಇಳಿಜಾರು ಹೆಗಲಾಯಿತು. ನಮ್ಮ ಕಡೆಯ ಕರಿಯ ಚಂದ್ರಕಾಳಿ ಸೀರೆ, ಕೆಂಪು ಸೆರಗು. ಹಿಂದಿನದು ನಮ್ಮೂರ ಕೆರೆಯ ದಾರಿಯ ಮಣ್ಣು. ಮೇಲಿನ ಬಿಳಿ ಬಣ್ಣ ನಡುಹಗಲ ಬಿಸಿಲು. ಕಂಕುಳಲ್ಲಿ ಕೂತ ಕೂಸು ತಲೆಯೆತ್ತಿದರೆ ಹೆಗಲು ಕಾಣುತ್ತದೆ, ಮುಖ ಬಿಸಿಲಲ್ಲಿ ಕರಗಿಹೋಗುತ್ತದೆ. ನೀನು ಮುಖ ಮರೆತು ಬರೆಯದೆ ಬಿಟ್ಟದ್ದಲ್ಲ, ಕಂಡಷ್ಟನ್ನೇ ಬರೆದಿದ್ದೆ. ಹಾಗೆ ನೋಡುತ್ತಿದ್ದಾಗ ಆ ಹೆಗಲ ಮೇಲಿನ ಸಣ್ಣ ಹಳದಿ ಚೌಕ ಕಣ್ಣಿಗೆ ಬಿತ್ತು. ಬೇರೆಯವರಿಗೆ ಅದು ಬರೀ ಬಣ್ಣದ ಚುಕ್ಕೆ. ಸೀರೆ ಹರಿದಲ್ಲಿ ಹಾಕಿದ ಹಳದಿ ಖಣದ ತೇಪೆ ಅದು, ಅಮೀನಗಡದ ಸಂತೆಯಿಂದ ತಂದ ಖಣದ ತುಂಡು. ಸುತ್ತಲಿನ ಸೊಟ್ಟ ಸೊಟ್ಟ ಹೊಲಿಗೆಯನ್ನೂ ನೀನು ಬಿಟ್ಟಿಲ್ಲ, ಒಂದು ಮೂಲೆ ಎದ್ದು ನಿಂತದ್ದನ್ನೂ ಬಿಟ್ಟಿಲ್ಲ. ನಿದ್ದೆ ಬಂದಾಗ ಆ ಎದ್ದ ಮೂಲೆಯನ್ನೇ ಬೆರಳಲ್ಲಿ ತಿರುವುತ್ತಿದ್ದೆಯಲ್ಲ. ನೀನು ಶಾಲೆಗೆ ಸೇರುವ ಮೊದಲೇ ಆ ಸೀರೆ ಚಿಂದಿಯಾಗಿ ಹೋಯಿತು. ಆ ತೇಪೆಯನ್ನು ನೆನಪಿಟ್ಟುಕೊಂಡವರು ಈ ಲೋಕದಲ್ಲಿ ನಾವಿಬ್ಬರೇ.

ನನಗೆ ಅಳು ತಡೆಯಲಾಗಲಿಲ್ಲ. ಆ ದೊಡ್ಡ ಮಂದಿಯ ನಡುವೆ ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ರಜಿಯಾ ಓಡಿಬಂದು, 'ಯಾಕ ಅಕ್ಕಾ, ಏನಾತು, ಯಾರ ಏನಂದ್ರು?' ಎಂದು ಜಗಳಕ್ಕೇ ನಿಂತಳು. 'ಯಾರೂ ಏನೂ ಅಂದಿಲ್ಲ, ಇದು ನಮ್ಮ ಮನೀ ಸೀರಿ ಐತಿ' ಎಂದಷ್ಟೇ ಹೇಳಿದೆ. ಅವಳು ಮತ್ತೊಮ್ಮೆ ಚಿತ್ರ ನೋಡಿ, ಏನು ತಿಳಿದಳೋ, ನನ್ನ ಬೆನ್ನು ಸವರುತ್ತ ಕೂತಳು. ಯಾರೋ ಪಾರ್ಸಿ ಬಾಯಿ ಆ ಚಿತ್ರ ಬೇಕೆಂದು ಎರಡು ಸಲ ಬಂದು ಕೇಳಿದ್ದಳಂತೆ. ಅಣ್ಣುವಿಗೆ ನಾನೇ ಹೇಳಿದೆ, ಇದು ಯಾರಿಗೂ ಇಲ್ಲ, ನಮ್ಮ ಮನೆಗೆ ಬರುತ್ತದೆ ಅಂತ.

ಪ್ರದರ್ಶನ ಮುಗಿದ ದಿನ ನಿಮ್ಮ ಮಾಮಾ ಹೋಗಿ ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಇಟ್ಟುಕೊಂಡು ತಂದರು. ಸುತ್ತಲೂ ಮೀನಿನ ಖಾಲಿ ಬುಟ್ಟಿಗಳು. ಮೀನು ಮಾರುವ ಒಬ್ಬ ಹೆಂಗಸು ಮೇಲಿನ ಬಟ್ಟೆ ಸರಿಸಿ ಇಣುಕಿ, 'ಹೇ ಕಾಯ್ ಆಹೇ?', ಇದೇನು, ಎಂದು ಕೇಳಿದಳಂತೆ. ಇವರು ಗಂಭೀರವಾಗಿ 'ಮಾಝೀ ಸಾಸೂ', ನನ್ನ ಅತ್ತೆ, ಅಂದರಂತೆ. ಆ ಹೆಂಗಸು ಚಿತ್ರವನ್ನೊಮ್ಮೆ ಇವರನ್ನೊಮ್ಮೆ ನೋಡಿ ಆಚೆ ಸರಿದು ಕೂತಳಂತೆ. ಇದನ್ನು ಹೇಳಿ ಹೇಳಿ ನಗಿಸಿದರು. ಖೋಲಿಯಲ್ಲಿ ಇಡಲು ಜಾಗವೆಲ್ಲಿದೆ? ಕಪಾಟು ಸರಿಸಿ, ನನ್ನ ಮಶಿನ್ನಿನ ಹಿಂದಿನ ಗೋಡೆಗೆ ಆನಿಸಿದ್ದೇವೆ. ಹೊಲಿಯುತ್ತ ಕೂತರೆ ಆ ಹೆಗಲು ನನ್ನ ಹೆಗಲಿಗೆ ತಾಗುತ್ತದೆ.

ಮೊನ್ನೆ ಮಂಗಳವಾರ ಅಮವಾಸ್ಯೆ. ಹೋಳಿಗೆ, ಬದನೆಕಾಯಿ ಪಲ್ಯ, ಕಡಲೆಬೇಳೆ ಕೋಸಂಬರಿ ಮಾಡಿದ್ದೆ. ನಿಮ್ಮ ಮಾಮಾ ದಾದರಿನ ಹೂವಿನ ಬಜಾರಿಗೇ ಹೋಗಿ ದಪ್ಪನೆಯ ಚೆಂಡುಹೂವಿನ ಹಾರ ತಂದಿದ್ದರು. ಇಷ್ಟು ವರ್ಷಕ್ಕೆ ಅತ್ತೆಗೆ ಒಂದು ಹಾರ ಹಾಕುವ ಯೋಗ ಬಂತು ಎಂದು ಸಡಗರದಿಂದ ಚಿತ್ರದ ಹತ್ತಿರ ಹೋದರು. ನಾನು ಧಡಕ್ಕನೆ ಎದ್ದು ಕೈ ಹಿಡಿದೆ. 'ಹಾರ ಹಾಕಬ್ಯಾಡ್ರಿ' ಅಂದೆ. 'ಯಾಕ? ತೀರಿಕೊಂಡಾಕಿಗೆ ಹಾರ ಹಾಕಬಾರದೇನು?' ಎಂದರು. 'ಬಣ್ಣಾ ಇನ್ನೂ ಹಸೀ ಐತಿ, ಕೆಡತೈತಿ' ಎಂದು ಬಾಯಿಗೆ ಬಂದದ್ದು ಹೇಳಿದೆ. ಅವರು ಬೆರಳಿಂದ ಮುಟ್ಟಿ ನೋಡಿದರು, ಒಣಗಿ ಕಟ್ಟಿಗೆಯಾಗಿತ್ತು. ನನ್ನ ಮುಖ ನೋಡಿದರು. ಹಾರವನ್ನು ತಂದು ಮಣೆಯ ಮೇಲಿನ ಹಸಿರು ಖಣಕ್ಕೇ ಸುತ್ತಿದರು. ಎಂದಿನಂತೆ ಅದಕ್ಕೇ ಎಡೆ ತೋರಿಸಿ, ಕೈಮುಗಿದು ಉಂಡೆವು.

ಒಂದು ಮಾತು ನಿನಗೆ ಹೇಳಬೇಕು. ಅವ್ವನ ಮುಖ ಬಲ್ಲವಳು ನಾನೊಬ್ಬಳೇ ಎಂದು ಬರೆದೆಯಲ್ಲ, ನನಗೂ ಈಗ ಅದು ಸರಿಯಾಗಿ ಬರುವುದಿಲ್ಲ ತಮ್ಮಾ. ಅವಳ ಕೈ ನೆನಪಿದೆ, ರೊಟ್ಟಿ ಬಡಿಯುವಾಗ ಬಳೆ ಮೇಲೆ ಸರಿಸಿಕೊಳ್ಳುತ್ತಿದ್ದದ್ದು ನೆನಪಿದೆ, 'ಅಂಬೂ' ಎಂದು ಕರೆಯುತ್ತಿದ್ದ ದನಿ ಇದೆ. ಮುಖ ಎನ್ನುತ್ತಲೇ ಎಲ್ಲ ಹೊಗೆಯಾಗುತ್ತದೆ. ಅದಕ್ಕೆ ಆ ಚಿತ್ರದ ಮುಂದೆ ಕೂತು, ಮುಖವಿಲ್ಲವೆಂದು ನಿನ್ನ ಮೇಲೆ ಸಿಟ್ಟಾದದ್ದು ನೆನೆದು ನನಗೇ ನಾಚಿಕೆಯಾಯಿತು. ನೀನು ಬರೆದದ್ದು ಸುಳ್ಳಲ್ಲ. ಆ ಬಿಸಿಲು ಖರೆ, ಆ ಹೆಗಲು ಖರೆ. ಬರೆಯುವುದನ್ನು ಮಾತ್ರ ಬಿಡಬೇಡ.

ನಿಮ್ಮ ಮಾಮಾ ಅವರ ಆಶೀರ್ವಾದ. ಮುಂದಿನ ಸಲ ಸಾಸೂಬಾಯಿಗೆ ಒಂದು ಮೂಗಾದರೂ ಇಡು ಎಂದು ಹೇಳಿದ್ದಾರೆ. ಔಷಧ ತಪ್ಪಿಸಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಆ ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಹಾದಿ ನೋಡುವ ಅಕ್ಕ,
ಅಂಬವ್ವ

ತಾ. ಕ.: ಪಾಕೀಟು ಅಂಟಿಸಿದವಳು ಮತ್ತೆ ಬಿಚ್ಚಿದೆ. ಟಪಾಲು ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಆ ತೇಪೆ ಅವ್ವ ಹಾಕಿದ್ದಲ್ಲ. ಅವ್ವ ಹೋದಾಗ ನಿನಗೆ ಹಲ್ಲು ಕೂಡ ಬಂದಿರಲಿಲ್ಲ, ತೆವಳುವ ಕೂಸು. ಸಣ್ಣವನಿದ್ದಾಗ ಹೋದಳು ಅನ್ನುತ್ತಿದ್ದೆವು, ಎಷ್ಟು ಸಣ್ಣವನೆಂದು ನೀನೂ ಕೇಳಲಿಲ್ಲ, ಹೇಳುವ ಪ್ರಸಂಗವೂ ಬರಲಿಲ್ಲ. ಅವಳ ಸೀರೆಯ ವಾಸನೆ ಇಲ್ಲದೆ ನೀನು ಹಾಲು ಮುಟ್ಟಲಿಲ್ಲ. ಅದಕ್ಕೆ ನಮ್ಮ ಸೋದರತ್ತೆ ಆ ಸೀರೆಯನ್ನು ನನಗೇ ಉಡಿಸಿ ನಿನ್ನನ್ನು ನನ್ನ ಕಂಕುಳಿಗೆ ಕೊಟ್ಟಳು. ಲಂಗ ಉಡುವ ಹುಡುಗಿ ನಾನು, ಸೀರೆ ಕಾಲಿಗೆ ತೊಡಕುತ್ತಿತ್ತು. ನೀನು ಓಡಾಡುವ ಹುಡುಗನಾದರೂ ಇಳಿಯುತ್ತಿರಲಿಲ್ಲ, ಹೊತ್ತುಕೊಂಡೇ ಕೆರೆಗೆ ಹೋಗುತ್ತಿದ್ದೆ. ದಾರಿಯ ಜಾಲಿ ಮುಳ್ಳಿಗೆ ಹೆಗಲ ಮೇಲೆ ಸೀರೆ ಹರಿದಾಗ ಹಳದಿ ಖಣ ಇಟ್ಟು ಹೊಲಿದವಳು ನಾನೇ. ಮೊದಲ ಸಲ ಸೂಜಿ ಹಿಡಿದದ್ದು, ಅದಕ್ಕೇ ಸೊಟ್ಟ. ನೀನು ತಲೆಯೆತ್ತಿ ನೋಡಿದ್ದು ನನ್ನನ್ನು. ನಿನ್ನ ಅವ್ವನನ್ನು ನಿನ್ನಿಂದ ಕಸಿಯಲು ಹೇಳುತ್ತಿಲ್ಲ, ಸೀರೆ ಅವಳದೇ, ವಾಸನೆ ಅವಳದೇ. ಹೇಳಲೋ ಬೇಡವೋ ಎಂದು ಮೂರು ದಿನ ಒದ್ದಾಡಿದೆ. ಆದರೆ ಬದುಕಿರುವವರ ಚಿತ್ರಕ್ಕೆ ಹಾರ ಹಾಕಬಾರದಲ್ಲವೇ ನೀಲ್ಯಾ? ನಾನಿನ್ನೂ ಇದ್ದೇನೆ. ಒಮ್ಮೆ ಬಂದು ಮುಖ ನೋಡಿ ಹೋಗು.